ಐದನೇ ಮಹಡಿ ದಾಟಿ ನಿಂತ ಲಿಫ್ಟ್

ಜೂನ್ ೧೨, ಭಾನುವಾರ

ಪ್ರೀತಿಯ ತಾತ,

ಹತ್ತು ವರ್ಷದಿಂದ ಬಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಅಂದು ಲಿಫ್ಟ್ ಕೆಟ್ಟಿರಲಿಲ್ಲ. ನಿಲ್ಲಿಸಿದ್ದು ನಾನು.

ನಾನು ಶಾಲೆಯಿಂದ ಬಂದಾಗಲೆಲ್ಲ ನೀವು ಲಿಫ್ಟ್ ನಡೆಸುತ್ತಲೇ ಏಳನೇ ಮಹಡಿಯವರೆಗೆ ಒಂದು ತುಣುಕು ಕಥೆ ಹೇಳುತ್ತಿದ್ದಿರಿ. ಆ ಕಥೆಯಲ್ಲಿ ನೆರಳು ಕಳೆದುಕೊಂಡ ಆನೆ ನಾಲ್ಕು ದಿನದಿಂದ ಹೊಳೆಯ ದಡದಲ್ಲೇ ನಿಂತಿತ್ತು. ಮುಂದೇನಾಯಿತೆಂದು ಕೇಳಿದರೆ, "ಇಳಿ ಬುಗುರಿ, ನಿನ್ ಮನೆ ಬಂತು" ಅನ್ನುತ್ತಿದ್ದಿರಿ. ಅಂದು ಐದನೇ ಮಹಡಿ ದಾಟುವಾಗ ಜಾಲರಿ ಬಾಗಿಲನ್ನು ಕಾಲಿನಿಂದ ಸರಿಸಿ, ತಳದ ಹಳಿಗೆ ಪೆನ್ಸಿಲ್ ತುಂಡು ತುರುಕಿದೆ. ಲಿಫ್ಟ್ ನಿಂತಿತು. ನೀವು ಬಗ್ಗಿ ನೋಡಿದಿರಿ. ಆಮೇಲೆ ಸ್ಟೂಲಿನ ಮೇಲೆ ಕೂತು, ಮುಕ್ಕಾಲು ಗಂಟೆ ಕಥೆ ಹೇಳಿ ಮುಗಿಸಿದಿರಿ. ಕಥೆ ಮುಗಿಯುತ್ತಲೇ ಬಾಗಿಲು ಸಲೀಸಾಗಿ ಮುಚ್ಚಿತು. ಆಗ ಅದನ್ನು ಪವಾಡ ಅಂದುಕೊಂಡಿದ್ದೆ.

ಅಷ್ಟರಲ್ಲಿ ಕಟ್ಟಡದ ಸೆಕ್ರೆಟರಿಯ ತಾಯಿ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿದ್ದರಂತೆ. ಸೆಕ್ರೆಟರಿ ಹಾರಾಡಿದ. ನೀವು "ನನ್ನ ಕೈತಪ್ಪು ಸಾರ್" ಅಂದಿರಿ. ನಾನು ಅಮ್ಮನ ಬೆನ್ನ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ತಿಂಗಳೊಳಗೆ ಗುಂಡಿ ಒತ್ತುವ ಹೊಸ ಲಿಫ್ಟ್ ಬಂತು, ನಿಮ್ಮ ಕೆಲಸ ಹೋಯಿತು, ನೀವು ತಂಗಿಯ ಮಗಳ ಮನೆ ಸೇರಿದಿರಿ.

ಅಮ್ಮ ಚೆನ್ನಾಗಿದ್ದಾಳೆ. ನಾನು ಶಾಲೆ ಬಿಟ್ಟು ಎರಡು ವರ್ಷವಾಯಿತು. ಹೊಲಿಗೆ ಅಂಗಡಿಯಲ್ಲಿ ಹದಿನೇಳು ದಿನ ಇದ್ದೆ, ಬೇಕರಿಯಲ್ಲಿ ಒಂಬತ್ತು. "ನಿನ್ನ ಕಾಲಿಗೇನು ಚಕ್ರ ಕಟ್ಟಿದ್ದಾರಾ?" ಅನ್ನುತ್ತಾಳೆ ಅಮ್ಮ. ಈಗ ಲಿಫ್ಟ್ ರಿಪೇರಿ ಕಲಿಯುತ್ತಿದ್ದೇನೆ. ನಗಬೇಡಿ.

ನಿಮ್ಮ ವಿಳಾಸ ಮನೆಯಲ್ಲೇ ಇತ್ತು. ಸಿಕ್ಕಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೂರು ಕಾಗದ ಬರೆದು ಹರಿದುಹಾಕಿದ್ದೇನೆ. ತಡವಾಯಿತು, ಕ್ಷಮಿಸಿ ಅನ್ನಲು ನಾಚಿಕೆ, ಆದರೂ ಕ್ಷಮಿಸಿ. ಆಶೀರ್ವಾದ ಕೇಳುವ ಮುಖವಿಲ್ಲ. ಬೆಳಗಿನ ಬಿಸಿಲಿಗೆ ಕೂರಿ, ಮಂಡಿನೋವಿಗೆ ಹಿತವಾಗುತ್ತದೆ. ನೂರು ವರ್ಷ ಇರಿ.

ನಿಮ್ಮ
ಬುಗುರಿ

ಮರೆತೆನೆಂದಲ್ಲ, ಬರೆಯಲು ಹೆದರಿ ಉಳಿಸಿಕೊಂಡದ್ದು: ಮೊನ್ನೆ ಹಳೆಯ ಲಿಫ್ಟೊಂದರ ಹಳಿಯಲ್ಲಿ ಬಾಟಲಿ ಮುಚ್ಚಳ ಸಿಕ್ಕಿಕೊಂಡಿತ್ತು. ನಮ್ಮ ಮೇಸ್ತ್ರಿ ಎರಡೇ ಬೆರಳಲ್ಲಿ ಎತ್ತಿ, "ಇದಕ್ಕೂ ನಾವು ಬರಬೇಕಾ? ನಡೆಸೋನಿಗೆ ಕಣ್ಣಿದ್ರೆ ಸಾಕಿತ್ತು" ಅಂದರು. ನಿಮ್ಮ ಕಣ್ಣು ಚೆನ್ನಾಗಿತ್ತು ತಾತ. ಆ ಪೆನ್ಸಿಲ್ ಮೇಲೆ ನನ್ನ ಹಲ್ಲಿನ ಗುರುತೂ ಇತ್ತು. ಆಗಲೇ ಯಾಕೆ ಎತ್ತಲಿಲ್ಲ? ಅಮ್ಮನ ವಿಳಾಸಕ್ಕೆ ಬರೆಯಿರಿ. ನಮ್ಮ ತಂಡಕ್ಕೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ನಾನು ನಾಳೆ ಬೆಳಗ್ಗೆ ಹೊರಡುತ್ತೇನೆ.