ಬರಿಗೈಯಲ್ಲಿ ಕಲಸಿದ್ದು

ಮಿಲ್ ಕ್ಯಾಂಟೀನಿನ ಹಿಂದಿನ ಕೋಣೆ
ಮಾರ್ಚ್ ೧೧, ಮಂಗಳವಾರ

ನನ್ನ ಗುಬ್ಬಿಮರಿಗೆ ಅಪ್ಪನ ಮುದ್ದು.

ಹೇಗಿದ್ದೀಯ ಮಗಳೇ? ಏಳು ತಿಂಗಳು ತುಂಬಿತಲ್ಲವೇ? ಕಾಲಿನ ಬಾವು ಇಳಿಯಿತೇ? ಅಳಿಯಂದಿರು ನಿನಗೆ ಬಕೆಟ್ ಎತ್ತಲು ಬಿಡುತ್ತಿಲ್ಲ ತಾನೇ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ತಕರಾರು ಇರುವುದೇ ಅಲ್ಲಿ. “ಬಾಣಂತನಕ್ಕೆ ನೀನೇ ಬಂದು ಅಡುಗೆ ಮಾಡಬೇಕಪ್ಪಾ” ಎಂದು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯಲು ಮೂರು ದಿನದಿಂದ ಪೆನ್ನು ಹಿಡಿದು ಕುಳಿತಿದ್ದೇನೆ.

ಇಲ್ಲಿ ಇಪ್ಪತ್ತೆರಡು ಜನ ಟೈಫಾಯ್ಡ್ ಬಂದು ಮಲಗಿದ್ದಾರೆ. ನೂಲುವ ವಿಭಾಗದ ಒಬ್ಬ ಹುಡುಗಿ ಹೋಗಿಯೇಬಿಟ್ಟಳು. ನಮ್ಮ ಕಾಲದಲ್ಲಾಗಿದ್ದರೆ ಗಾಳಿ ಕೆಟ್ಟಿದೆ ಎಂದು ಮೂಲೆಮೂಲೆಗೆ ಹೊಗೆ ಹಾಕಿ ಸುಮ್ಮನಾಗುತ್ತಿದ್ದೆವು. ಈಗ ಹಾಗಲ್ಲ. ಆರೋಗ್ಯ ಇಲಾಖೆಯ ಡಾಕ್ಟರಮ್ಮ ಹಾಸಿಗೆ ಹಾಸಿಗೆಗೂ ಹೋಗಿ, ಯಾರು ಯಾವತ್ತು ಏನು ತಿಂದರು ಎಂದು ಬರೆದುಕೊಂಡರು. ನೀರು ಪರೀಕ್ಷಿಸಿದರು, ಶುದ್ಧ. ಹಾಲೂ ಶುದ್ಧ. ಒಲೆಯಿಂದಿಳಿದ ಬಿಸಿ ಊಟವನ್ನಷ್ಟೇ ಉಂಡವರು ಚೆನ್ನಾಗಿದ್ದರು. ಹಸಿ ತರಕಾರಿ ಹೆಚ್ಚಿ ಕಲಸಿದ್ದನ್ನು ತಿಂದವರೇ ಮಲಗಿದ್ದರು. ಕಲಸಿದವನು ನಾನು. ನಿನಗೆ ಗೊತ್ತಲ್ಲ, ಸೌಟು ಹಿಡಿದರೆ ನನಗೆ ಸಮಾಧಾನವಿಲ್ಲ, ಮೊಣಕೈವರೆಗೂ ಇಳಿಯಬೇಕು. ಮೇಸ್ತ್ರಿ ದಿನಾ ಅನ್ನುತ್ತಿದ್ದ, “ಯಜಮಾನ್ರೇ, ರುಚಿ ಇರೋದು ಉಪ್ಪಲ್ಲಲ್ಲ, ನಿಮ್ಮ ಕೈಯಲ್ಲಿ!” ನಾನು ಉಬ್ಬಿಹೋಗುತ್ತಿದ್ದೆ.

ಅಡುಗೆಯವರೆಲ್ಲರ ಮಲಪರೀಕ್ಷೆ ಆಗಬೇಕೆಂದರು ಡಾಕ್ಟರಮ್ಮ. ಆ ಪುಟ್ಟ ಡಬ್ಬಿಯನ್ನು ಕೈಗಿತ್ತಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು. “ನಂಗೆ ನೆಗಡೀನೂ ಬಂದಿಲ್ಲ ತಾಯಿ” ಅಂದೆ. “ಅದಕ್ಕೇ ಮೊದ್ಲು ನಿಮ್ದೇ ಬೇಕು” ಅಂದರು. ಶನಿವಾರ ವರದಿ ಬಂತು. ಜ್ವರದ ಕ್ರಿಮಿ ನನ್ನ ಹೊಟ್ಟೆಯಲ್ಲೇ ಇದೆಯಂತೆ, ವರ್ಷಗಳಿಂದ. ನನಗೇನೂ ಮಾಡದೆ ನನ್ನ ಕೈಯಿಂದ ಮಂದಿಗೆ ಬಡಿಸಿಕೊಂಡು ಬಂದಿದೆ.

“ಮನೇಲಿ ಹಿಂದೆ ಯಾರಿಗಾದ್ರೂ ಬಂದಿತ್ತಾ?” ಎಂದು ಕೇಳಿದರು. ಮೊದಲು ನನಗೆ ಬಂದು ವಾಸಿಯಾಯಿತು, ತಿಂಗಳಾದಮೇಲೆ ಮಲಗಿದ ನಿನ್ನ ಅಮ್ಮ ಮತ್ತೆ ಏಳಲಿಲ್ಲ. ಅಷ್ಟು ಹೇಳುವಷ್ಟರಲ್ಲಿ ನನಗೇ ಲೆಕ್ಕ ಸಿಕ್ಕಿತು. ಆ ತಿಂಗಳೆಲ್ಲ ಮನೆಯಲ್ಲಿ ಹಣ್ಣು ಕಿವುಚಿ, ಕಲಸಿ, ಅವಳಿಗೆ ಕೊಟ್ಟವನು ನಾನೇ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, “ಗೊತ್ತಿಲ್ದೆ ಆಗಿದ್ದು, ಅಪ್ಪಾಜಿ” ಅಂದರು.

ಸುಳ್ಳೇಕೆ ಹೇಳಲಿ, ಭಾನುವಾರ ಚೀಲ ಕಟ್ಟಿದ್ದೆ. ದೂರದ ಯಾವುದೋ ಊರಲ್ಲಿ ಇನ್ನೊಂದು ಒಲೆ ಹಿಡಿದರೆ ಯಾರು ಕೇಳುತ್ತಾರೆ? ಅಷ್ಟರಲ್ಲಿ ಸತ್ತ ಹುಡುಗಿಯ ತಾಯಿ, ಮಗಳು ಮನೆಗೊಯ್ದಿದ್ದ ಕ್ಯಾಂಟೀನಿನ ಬಟ್ಟಲನ್ನು ತೊಳೆದು ತಂದುಕೊಟ್ಟಳು. “ನಿಮ್ಮಡುಗೆ ಅಂದ್ರೆ ಅವಳಿಗೆ ಪ್ರಾಣ” ಅಂದಳು. ಚೀಲ ಬಿಚ್ಚಿದೆ. ಮಂಗಳವಾರದಿಂದ, ಅಂದರೆ ಇವತ್ತಿನಿಂದ, ಮಾತ್ರೆ ಶುರು.

ಹಾಗಾಗಿ ಬಾಣಂತನಕ್ಕೆ ಬರಲಾರೆ ಕಂದಾ. ಮಾತ್ರೆ ಮುಗಿದು, ಪರೀಕ್ಷೆಯ ಮೇಲೆ ಪರೀಕ್ಷೆಯಾಗಿ, ಶುದ್ಧ ಎಂದಮೇಲೂ ನಿನ್ನ ಒಲೆಯ ಹತ್ತಿರ ಸುಳಿಯುವುದಿಲ್ಲ. ಮೂಲೆಯಲ್ಲಿ ಕುಳಿತು ಮಗುವಿಗೆ ಕಥೆ ಹೇಳುತ್ತೇನೆ. ಕಥೆಯಿಂದ ಯಾರಿಗೂ ಜ್ವರ ಬರುವುದಿಲ್ಲ.

ಸುಖವಾಗಿ ಹೆತ್ತು ಏಳು ತಾಯಿ. ಅಳಿಯಂದಿರಿಗೆ ನನ್ನ ನೆನಪು ಹೇಳು.

ನಿನ್ನ ಅಪ್ಪ

ತಾ.ಕ.: ಕಾಗದ ಮಡಿಸುವಾಗ ಅಲಮಾರು ನೋಡಿದೆ. ವರದಿ ಬರುವ ಮುಂಚೆ ನಿನಗೆಂದು ಸಿಹಿ ಉಂಡೆ ಕಟ್ಟಿಟ್ಟಿದ್ದೆ, ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಡಬ್ಬಿ ಅಲ್ಲಿಲ್ಲ. ಪಾತ್ರೆ ತೊಳೆಯುವ ಮುದುಕ ಉಪಕಾರವಾಗಲಿ ಎಂದು ನಿನ್ನೆ ನಿಮ್ಮ ಕಡೆಯ ಲಾರಿಯಲ್ಲಿ ಕಳಿಸಿಬಿಟ್ಟಿದ್ದಾನೆ. ಈ ಕಾಗದವನ್ನು ಈಗ ಹೊರಡುವ ಬಸ್ಸಿನ ಕಂಡಕ್ಟರ್ ಕೈಗೇ ಕೊಡುತ್ತಿದ್ದೇನೆ. ಡಬ್ಬಿ ತೆರೆಯಬೇಡ, ಹೂತುಹಾಕಿಸು. ಒಂದೇ ಒಂದು ತಿಂದಿದ್ದರೂ ಜ್ವರ ಬರಲೆಂದು ಕಾಯಬೇಡ, ಇವತ್ತೇ ಆಸ್ಪತ್ರೆಗೆ ಹೋಗಿ ಈ ಕಾಗದ ತೋರಿಸು. ಮಾಡಿದವರು ಯಾರು ಎಂದು ಕೇಳಿದರೆ ಮರ್ಯಾದೆಗಂಜಿ ಮುಚ್ಚಿಡಬೇಡ. ನಮ್ಮಪ್ಪ ಎಂದೇ ಹೇಳು.