ಹದಿನಾಲ್ಕನೇ ಕೊಠಡಿಯ ಸ್ವಾಗತ

ವಿದ್ಯಾರ್ಥಿ ಕಲ್ಯಾಣಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ, ಅಭ್ಯಾಸಬಲದಿಂದ ಬಂದುಬಿಟ್ಟಿತ್ತು. ನನ್ನ ಮಗ ಸಲಿಂಗಪ್ರೇಮಿ. ಈ ಮಾತನ್ನು ಮೂರು ವರ್ಷ ಯಾರ ಮುಂದೆಯೂ ಆಡುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಅವನಿಗೆ ನಿಮ್ಮ ಕಾಲೇಜಿನಲ್ಲಿ ಸೀಟು ಎಂದು ತಾವು ಹೇಳಿದ್ದೀರಿ. ಬರುವ ಶುಕ್ರವಾರ ಕೊನೆಯ ದಿನ. ತಮಗೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಹಾಗಾಗಿ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಊರೆಲ್ಲ ಓದಲಿ.

ನನ್ನ ಕಸುಬು ಏನೆಂದು ತಮಗೆ ಗೊತ್ತಿಲ್ಲ, ಆದರೆ ತಮ್ಮ ಮಾತುಗಳೆಲ್ಲ ನನಗೆ ಬಾಯಿಪಾಠ. ತಮ್ಮ ಕಾಲೇಜಿನ ಪರಿಚಯ ಪುಸ್ತಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಕರಡು ತಿದ್ದುವವನು ನಾನು. ಪುಟ ಹನ್ನೊಂದು: ‘ಎಲ್‌ಜಿಬಿಟಿ ವಿದ್ಯಾರ್ಥಿಗಳಿಗೆ ಮುಕ್ತ ಸ್ವಾಗತ. ನೆರವು ಕೇಂದ್ರ, ಕೊಠಡಿ ಸಂಖ್ಯೆ ಹದಿನಾಲ್ಕು.’ ಒಂಬತ್ತು ವರ್ಷದಿಂದ, ವರ್ಷಕ್ಕೆ ಮೂರು ಸಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಈ ಸಾಲು ಓದಿದ್ದೇನೆ. ನಮ್ಮ ಕಸುಬಿನವರಿಗೆ ಒಂದು ರೋಗವಿದೆ. ತಪ್ಪಿಲ್ಲದೆ ಅಚ್ಚಾದದ್ದನ್ನು ನಿಜ ಎಂದು ನಂಬಿಬಿಡುತ್ತೇವೆ.

ಎರಡು ವರ್ಷದ ಹಿಂದೆ ನನ್ನ ಮಗ ಪಾತ್ರೆ ಒರೆಸುತ್ತಾ ನಿಂತಲ್ಲೇ ನಮ್ಮಿಬ್ಬರಿಗೂ ವಿಷಯ ಹೇಳಿದ. ಅವರಮ್ಮ ಒಲೆ ಆರಿಸಿ ಬಂದು ಅವನ ಪಕ್ಕ ನಿಂತಳು. ನನಗೆ ಜೀರ್ಣವಾಗಲು ಕೆಲವು ತಿಂಗಳು ಬೇಕಾಯಿತು, ಅದನ್ನೇನೂ ಮುಚ್ಚಿಡುವುದಿಲ್ಲ. ಅವನಿಗೆ ಹವಾಮಾನ ಶಾಸ್ತ್ರದ ಹುಚ್ಚು. ಹನ್ನೊಂದನೇ ವಯಸ್ಸಿನಿಂದ ದಿನಾ ಬೆಳಗ್ಗೆ ಮೋಡ ನೋಡಿ ನೋಟುಪುಸ್ತಕದಲ್ಲಿ ಬರೆದಿಡುವವನು. ಆ ವಿಷಯ ಕಲಿಸುವ ಕಾಲೇಜುಗಳು ನಮಗೆ ಎಟಕುವಷ್ಟು ದೂರದಲ್ಲಿ ಮೂರೇ ಮೂರು. ಮೊದಲನೆಯದರ ಪ್ರಾಂಶುಪಾಲರು, “ನಮ್ಮಲ್ಲಿ ಅಂಥೋರು ಯಾರೂ ಇಲ್ಲ, ನೀವೇನೂ ಹೆದರಬೇಡಿ” ಎಂದು ನನಗೇ ಧೈರ್ಯ ಹೇಳಿದರು. ಎರಡನೆಯ ಕಡೆ ಹಾಸ್ಟೆಲ್ ಗೋಡೆಯ ಮೇಲೆ ಯಾರದೋ ಹೆಸರಿನ ಪಕ್ಕ ಬರೆದಿದ್ದ ಬೈಗುಳವನ್ನು ಮಗ ಓದಿದ, ನಾನೂ ಓದಿದೆ, ಅರ್ಜಿ ಕೊಡದೆ ಹಿಂದಿರುಗಿದೆವು. ಉಳಿದದ್ದು ತಮ್ಮದು. “ಪುಟ ಹನ್ನೊಂದು ನೋಡೋ” ಎಂದು ಎದೆಯುಬ್ಬಿಸಿ ಹೇಳಿದವನು ನಾನೇ.

ಪ್ರವೇಶದ ದಿನ ವಿಚಾರಣೆಯ ಮೇಜಿನ ಮುಂದೆ ಅವನು ಹಿಂದೆಮುಂದೆ ನೋಡಿದ. “ಕೇಳೋ, ಪುಸ್ತಕದಲ್ಲೇ ಹಾಕಿದಾರಲ್ಲ, ಯಾಕೆ ನಾಚಿಕೆ?” ಎಂದು ಬೆನ್ನು ತಟ್ಟಿದೆ. ಕೇಳಿದ. ಅಟೆಂಡರ್ ಒಬ್ಬರು ಹದಿನಾಲ್ಕನೇ ಕೊಠಡಿಯ ಬೀಗದ ಕೈ ಹುಡುಕಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಬಾಗಿಲು ತೆರೆದರೆ ಕಾಲು ಮುರಿದ ಬೆಂಚುಗಳು, ಹರಿದ ವಾಲಿಬಾಲ್ ನೆಟ್ಟು, ಗೋಡೆಗೆ ಒರಗಿಸಿದ ಹಳೆಯ ಕಪ್ಪುಹಲಗೆ. “ಇಲ್ಲಿಗೆ ಯಾರೂ ಬರಲ್ಲ ಸಾರ್. ವರ್ಷಕ್ಕೊಂದ್ಸಲ ಫೋಟೋ ತೆಗೆಯೋಕೆ ಮುಂದಿಂದು ಸ್ವಲ್ಪ ಗುಡಿಸ್ತೀವಿ, ಅಷ್ಟೇ” ಎಂದರು ಪಾಪ. ಅವರೊಬ್ಬರೇ ಅಂದು ನಿಮ್ಮ ಕಾಲೇಜಿನಲ್ಲಿ ನಮಗೆ ನಿಜ ಹೇಳಿದವರು.

ಹತ್ತು ನಿಮಿಷದೊಳಗೆ ತಮ್ಮ ಕೋಣೆಗೆ ಬರುವಂತೆ ಕರೆ ಬಂತು. ಬೀಗದ ಕೈ ಸಿಗದಿದ್ದ ಕಚೇರಿಯಲ್ಲಿ ಸುದ್ದಿ ಮಾತ್ರ ಎಷ್ಟು ಬೇಗ ಸಿಗುತ್ತದೆ! ತಾವು ನಗುನಗುತ್ತಲೇ ಹೇಳಿದಿರಿ: “ನೋಡಿ, ನನಗೆ ವೈಯಕ್ತಿಕವಾಗಿ ಏನೂ ಬೇಜಾರಿಲ್ಲ. ಆದ್ರೆ ಹಾಸ್ಟೆಲ್‌ನಲ್ಲಿ ಬೇರೆ ಹುಡುಗ್ರೂ ಇರ್ತಾರಲ್ವಾ? ಅವರ ಮನೆಯವರು ಏನಂತಾರೆ? ಇದೊಂದು ಸೈನ್ ಮಾಡಿಬಿಟ್ರೆ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ.” ಹೀಗೆಂದು ಗುಮಾಸ್ತೆಯವರ ಕೈಯಲ್ಲಿ ಒಂದು ಮುಚ್ಚಳಿಕೆ ಕೊಡಿಸಿದಿರಿ. ‘ನನ್ನ ವೈಯಕ್ತಿಕ ಪ್ರವೃತ್ತಿಯನ್ನು ಯಾರಲ್ಲಿಯೂ ಪ್ರಸ್ತಾಪಿಸುವುದಿಲ್ಲ, ಪ್ರಸ್ತಾಪಿಸಿದಲ್ಲಿ ಮುಂದಾಗುವುದಕ್ಕೆ ನಾನೇ ಹೊಣೆ.’ ಕೆಳಗೆ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ.

ಆಮೇಲೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೋಪ ನೆತ್ತಿಗೇರಿತ್ತು. ಆದರೆ ಇಪ್ಪತ್ತಾರು ವರ್ಷದ ಚಾಳಿ ಕೋಪಕ್ಕಿಂತ ಮೊದಲೇ ಕೈಗೆ ಬಂದಿತ್ತು. ಜೇಬಿನ ಕೆಂಪು ಪೆನ್ನು ತೆಗೆದು, ಆ ಕಾಗದದ ನಾಲ್ಕು ತಪ್ಪುಗಳನ್ನು ತಿದ್ದಿಬಿಟ್ಟೆ.

“ಅಪ್ಪ, ನೀನು ಅದನ್ನ ತಿದ್ತಾ ಇದೀಯಾ?” ಎಂದ ಮಗ.

ಗುಮಾಸ್ತೆಯವರಿಗೆ ಮಾತ್ರ ಖುಷಿಯೋ ಖುಷಿ. “ಅಯ್ಯೋ, ಉಪಕಾರ ಆಯ್ತು ಸಾರ್! ಹೋದ ವರ್ಷದಿಂದ ಹಿಂಗೇ ಕೊಡ್ತಾ ಇದೀವಿ, ಒಬ್ರೂ ಹೇಳಲಿಲ್ಲ ನೋಡಿ.”

ಹೋದ ವರ್ಷದಿಂದ! ಅಂದರೆ ಆ ಕಾಗದಕ್ಕೆ ಆಗಲೇ ಸಹಿ ಹಾಕಿದ ಮಕ್ಕಳಿದ್ದಾರೆ. ಅವರು ಎಷ್ಟು ಜನ? ಒಂದೇ ಹಾಸ್ಟೆಲಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಊಟ ಮಾಡುತ್ತಾ, ಪಕ್ಕದವನೂ ಇದನ್ನೇ ಬರೆದುಕೊಟ್ಟಿದ್ದಾನೆಂದು ತಿಳಿಯದೆ ಇದ್ದಾರೆಯೇ? ಅವರಿಗೆ ಏನಾದರೂ ಆದರೆ ಅವರೇ ಹೊಣೆ ಎಂದು ಬರೆಸಿಕೊಂಡಿದ್ದೀರಲ್ಲ, ಹಾಗಾದರೆ ತಾವು ನೋಡಿಕೊಳ್ಳುವುದು ಯಾರ ಕಲ್ಯಾಣವನ್ನು? ಬೇರೆಯವರ ಮನೆಯವರು ಏನಂತಾರೆ ಎಂದು ಚಿಂತಿಸುವ ತಮಗೆ, ಎದುರಿಗೇ ಕೂತಿದ್ದ ನಾನೂ ಒಂದು ಮನೆಯವನು ಎಂದು ಹೊಳೆಯಲಿಲ್ಲವೇ? ಆ ಮುಚ್ಚಳಿಕೆಯ ಹೊಸ ಪ್ರತಿಗಳು ಇನ್ನು ನನ್ನ ಕೃಪೆಯಿಂದ ಶುದ್ಧವಾಗಿರುತ್ತವೆ, ಅಭಿನಂದನೆಗಳು.

ಸಹಿ ಹಾಕದೆ ಎದ್ದುಬಂದೆ. ಬಸ್ ಸ್ಟಾಪಿನಲ್ಲಿ ಮಗ ಹೇಳಿದ: “ನಾನು ಸೈನ್ ಮಾಡ್ತೀನಿ ಅಪ್ಪ. ಮೂರು ವರ್ಷ ತಾನೇ? ಸುಮ್ನಿರೋದು ನನಗೇನು ಹೊಸದಾ?” ಅವನ ದನಿಯಲ್ಲಿ ಸಿಟ್ಟಿದ್ದರೆ ನನಗಿಷ್ಟು ಸಂಕಟವಾಗುತ್ತಿರಲಿಲ್ಲ. ಹದಿನೆಂಟರ ಹುಡುಗ ನನಗೇ ಸಮಾಧಾನ ಹೇಳುತ್ತಿದ್ದ. ಮನೆಯಲ್ಲಿ ಬಾಯಿಬಿಡಲು ಅವನಿಗೆ ಹದಿನಾರು ವರ್ಷ ಹಿಡಿದಿತ್ತು. ಆ ಬಾಯಿಗೆ ಮತ್ತೆ ಬೀಗ ಹಾಕಲು ತಮಗೆ ಒಂದು ಹಾಳೆ ಸಾಕಾಯಿತು.

ಈ ಪತ್ರವನ್ನು ಮೊದಲು ಓದಿದವನು ಅವನೇ. ತನ್ನ ಗೆಳೆಯನ ಬಗ್ಗೆ ನಾನು ಬರೆದಿದ್ದ ಎರಡು ಸಾಲು ಹೊಡೆದುಹಾಕಿದ. “ಸೀಟು ಹೋಗುತ್ತೆ, ಗೊತ್ತಲ್ವಾ?” ಎಂದೆ. ಅವನು ಪತ್ರವನ್ನು ಮಡಚಿ ನನ್ನ ಕೈಗಿಟ್ಟ. ಆಮೇಲೆ, “ಹೋದ ವರ್ಷದೋರು ಯಾರಾದ್ರೂ ಓದ್ತಾರೆ. ಕಳಿಸು” ಎಂದ.

ಆದ್ದರಿಂದ ನನ್ನದು ಬೇಡಿಕೆ, ಬಿನ್ನಹವಲ್ಲ. ಹೋದ ವರ್ಷ ಬರೆಸಿಕೊಂಡ ಪ್ರತಿಯೊಂದು ಮುಚ್ಚಳಿಕೆಯನ್ನೂ ಸಹಿ ಹಾಕಿದವರ ಕೈಗೇ ಹಿಂದಿರುಗಿಸಿ. ಹರಿಯುವುದೋ ಸುಡುವುದೋ ಅವರಿಷ್ಟ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನಾವು ಮೂವರೂ ನಿಮ್ಮ ಕಚೇರಿಗೆ ಬರುತ್ತೇವೆ. ಅವನ ಅಂಕಪಟ್ಟಿ ತರುತ್ತೇವೆ, ಬೇರೆ ಯಾವ ಕಾಗದವನ್ನೂ ತರುವುದಿಲ್ಲ. ಸೀಟು ಕೊಡುವುದಿಲ್ಲ ಎನ್ನುವುದಾದರೆ ಕಾರಣವನ್ನು ಅವನ ಮುಖ ನೋಡಿಕೊಂಡು, ಗಟ್ಟಿಯಾಗಿ, ಅವನ ಅಮ್ಮನಿಗೂ ಕೇಳಿಸುವಂತೆ ಹೇಳಿ. ನಗಬೇಡಿ.

ಇಂತಿ,
ಪೋಷಕರ ಸಹಿ ಎಂಬಲ್ಲಿ ಖಾಲಿ ಬಿಟ್ಟುಬಂದ
ಒಬ್ಬ ಅಪ್ಪ