ಭುಜನೋವಿಗೆ ಒಬ್ಬಳೇ ಹೋದದ್ದು

ಬ್ರೊಂಕಾ,

ಐಸ್‌ಲ್ಯಾಂಡಿಕ್ ಕಲಿಸುವ ಟೀಚರ್ ರಾಗ್ನಾ, ಇವತ್ತು ನಡೆದದ್ದನ್ನು ಮೊದಲು ನಮ್ಮ ಪೋಲಿಷ್‌ನಲ್ಲೇ ಬರೆಯಬೇಕೆಂದು ಗಂಟುಬಿದ್ದಿದ್ದಾಳೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಇದೆಂಥ ಪೀಡೆ! ನೀನೋ ವಿಳಾಸ ಕೊಡದೆ ಊರು ಬಿಟ್ಟವಳು. ಇದು ನಿನಗೆ ತಲುಪುವುದೂ ಇಲ್ಲ.

ಭುಜನೋವಿಗೆಂದು ಆಸ್ಪತ್ರೆಗೆ ಒಬ್ಬಳೇ ಹೋದೆ. ಇಷ್ಟು ವರ್ಷ ಅಲ್ಲಿ ನನ್ನ ಪರವಾಗಿ ಮಾತಾಡುತ್ತಿದ್ದವಳು ನೀನು. ಕೌಂಟರಿನಲ್ಲಿದ್ದ ಸ್ಟೇನುನ್ ನನ್ನನ್ನು ಕಂಡೊಡನೆ, "ಹೋದ ಸಲಕ್ಕೆ ಥ್ಯಾಂಕ್ಸ್, ವಾಂಡಾ" ಎಂದಳು. ಹೋದ ಸಲವೆಂದರೆ ಅವಳ ಮನೆಯ ಊಟದಲ್ಲಿ ನಾನೂ ನೀನೂ ಕಿರುಚಾಡಿದ ದಿನ. ನನಗೆ ಉರಿದುಹೋಯಿತು.

"ಹಂಗಿಸ್ತೀಯೇನೇ?"

"ಅಯ್ಯೋ, ಇಲ್ಲಮ್ಮ! ಮತ್ತೆ ಸಿಕ್ಕಾಗ ನಾವು ಐಸ್‌ಲ್ಯಾಂಡಿನವರೆಲ್ಲ ಹೀಗೇ ಹೇಳೋದು. ಜಗಳ ಆಗಿದ್ರೂ ಹೇಳ್ತೀವಿ" ಎಂದವಳು ಇಂಗ್ಲಿಷಿಗೆ ತಿರುಗಿದಳು.

"ಇಂಗ್ಲಿಷ್ ಬೇಡ. ನಿಮ್ಮ ಭಾಷೇಲೇ ನಿಧಾನಕ್ಕೆ ಕೇಳು, ನಾನೇ ಹೇಳ್ತೀನಿ" ಎಂದೆ.

ಹಿಂದೆ ನಿಂತವರು ಕಾದರು, ಕಾಯಲಿ. ಮೀನು ಕೊಯ್ದು ಕೊಯ್ದು ಭುಜ ಹಿಡಿದಿದೆ, ಕೈ ಎತ್ತಲಾಗುವುದಿಲ್ಲ ಎಂದು ಎಲ್ಲ ನಾನೇ ಹೇಳಿದೆ.

"ಬ್ರೊಂಕಾ ಎಲ್ಲಿ?" ಎಂದಳು. ನಾನು ಚೀಟಿ ತೆಗೆದುಕೊಂಡು ಡಾಕ್ಟರ ಕೋಣೆಯತ್ತ ನಡೆದೆ.

'ಹೋದ ಸಲಕ್ಕೆ ಥ್ಯಾಂಕ್ಸ್' ಎಂಬ ಅವಳ ಮಾತನ್ನು ಮನೆಗೆ ಬಂದು ಅವರ ಭಾಷೆಯಲ್ಲೇ ಬಾಯಿಪಾಠ ಮಾಡಿದ್ದೇನೆ: "ಟಾಕ್ ಫಿರಿರ್ ಸೀದಸ್ತ್." ಅದನ್ನು ನಿನಗೇ ಹೇಳುವುದಿದೆ. ಕ್ರಿಸ್‌ಮಸ್ ಊಟಕ್ಕೆ ಬರುತ್ತೀಯೋ, ಇಲ್ಲವೋ? ಡಿಸೆಂಬರ್ ಹತ್ತರೊಳಗೆ ನನಗೆ ಉತ್ತರ ಬೇಕು.

ವಾಂಡಾ